‘ಕರಡು’ ಏನನ್ನೂ ಕಳಿಸುವುದಿಲ್ಲ

ಆಗಸ್ಟ್ 1, ಶುಕ್ರವಾರ

ಕೆಲಸಕ್ಕೆ ಸೇರಿದೆ. ಮಂಡ್ಯದಲ್ಲಿ ಒಂದು ಬೇಕರಿಯ ಮೇಲಿನ ಮಹಡಿ, ನಾಲ್ಕು ಮೇಜು, ಕೆಳಗಿನಿಂದ ದಿನವಿಡೀ ಬನ್ನಿನ ವಾಸನೆ. ಕಂಪನಿಯ ಯಜಮಾನನ ಹೆಸರು ಪ್ರೀತಂ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು. ನನ್ನನ್ನು ‘ಶೋಭಾ ಮೇಡಂ’ ಅನ್ನುತ್ತಾನೆ, ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾನೆ. ಆದಷ್ಟು ಬೇಗ ಈ ಅಭ್ಯಾಸ ಬಿಡಿಸಬೇಕು, ನನಗೆ ಮುದುಕಿಯಾದ ಹಾಗೆ ಅನ್ನಿಸುತ್ತದೆ.

ಇಷ್ಟು ವರ್ಷ ನಾನು ಬರೆದದ್ದು ಗ್ರೈಂಡರು, ಮಿಕ್ಸಿ, ಪಂಪ್‌ಸೆಟ್ಟು ಇವುಗಳ ಕೈಪಿಡಿ. ‘ಒದ್ದೆ ಕೈಯಿಂದ ಮುಟ್ಟಬೇಡಿ’ ಅನ್ನುವುದನ್ನು ಕನ್ನಡದಲ್ಲಿ ಎಷ್ಟು ಬಗೆಯಾಗಿ ಹೇಳಬಹುದೋ ಅಷ್ಟೂ ಹೇಳಿಯಾಗಿದೆ. ಅವನ್ನು ಓದಿದ ಒಂದು ನರಪಿಳ್ಳೆಯನ್ನೂ ನಾನು ಕಂಡಿಲ್ಲ. ನಮ್ಮ ಮನೆಯ ಗ್ರೈಂಡರಿನ ಕೈಪಿಡಿ ನಾನೇ ಬರೆದದ್ದು. ಅವ್ವ ಅದರಲ್ಲಿ ಹುಣಸೆಹಣ್ಣು ಸುತ್ತಿಟ್ಟಿದ್ದಾಳೆ.

ಈಗಿನ ಕೆಲಸ ಬೇರೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಎಐ ಸಹಾಯಕ ಇದೆಯಲ್ಲ, ಅದರ ಕೈಗೆ ಕೊಡಲು ಪ್ರೀತಂ ಒಂದು ಸಲಕರಣೆ ಮಾಡಿದ್ದಾನೆ. ಹೆಸರು ‘ಕರಡು’. ಯಾರಾದರೂ ಸಹಾಯಕನಿಗೆ ‘ನನಗೊಂದು ಮೆಸೇಜು ಬರೆದುಕೊಡು’ ಅಂದರೆ, ಅದು ಈ ಕರಡನ್ನು ಬಳಸಿ ಒಂದೋ ಎರಡೋ ಮೂರೋ ಒಕ್ಕಣೆ ತಯಾರಿಸಿ ಪರದೆಯ ಮೇಲೆ ಇಡಬೇಕು. ಆರಿಸುವುದು, ತಿದ್ದುವುದು, ಕಳಿಸುವುದು ಮನುಷ್ಯರಿಗೆ ಬಿಟ್ಟದ್ದು. ಇದನ್ನು ಯಾವಾಗ ಬಳಸಬೇಕು, ಯಾವಾಗ ಬಾರದು ಎಂದು ನಾನು ಬರೆಯಬೇಕು. ಓದುವುದು ಜನರಲ್ಲ, ಆ ಸಹಾಯಕ.

‘ಅದು ಪೂರ್ತಿ ಓದುತ್ತಾ?’ ಎಂದು ಕೇಳಿದೆ.

‘ಪ್ರತಿಸಲವೂ ಓದುತ್ತೆ ಮೇಡಂ. ಮೊದಲನೇ ಸಾಲಿಂದ ಕೊನೇ ಸಾಲಿನ ತನಕ. ಬರೆದ ಹಾಗೇ ನಡೆಯೋಕೆ ನೋಡುತ್ತೆ.’

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಇಂಥ ಓದುಗರು ಸಿಗುತ್ತಾರೆ ಅಂದರೆ ಸಂಬಳ ಸ್ವಲ್ಪ ಕಮ್ಮಿಯಾದರೂ ಅಡ್ಡಿಯಿಲ್ಲ.

ಮದ್ದೂರಿಗೆ ವಾಪಸು ಬಂದು ಅವ್ವನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು ಅಂದದ್ದು ಇಷ್ಟು: ‘ಗೌರಿ ಅಬ್ಬ ಬತ್ತಾ ಅದೆ. ದೀಪಿಗೆ ಬಾಗಿನ ಯಾರವ್ವ ತಕೊಂಡೋಗದು?’

ಆಗಸ್ಟ್ 4, ಸೋಮವಾರ

ಬಾಗಿನದ ಸುದ್ದಿ ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆಯಲ್ಲಿ ಗುಯ್‌ಗುಡುತ್ತಲೇ ಇರುತ್ತದೆ. ದೀಪಿಕ ನನ್ನ ತಂಗಿ. ಬೆಳಕವಾಡಿಯ ಶಿವರಾಜು ಅವರಿಗೆ ಕೊಟ್ಟಿದ್ದೇವೆ. ನಮಗೆ ಅಣ್ಣತಮ್ಮಂದಿರಿಲ್ಲ, ಅಪ್ಪ ಇಲ್ಲ, ಅವ್ವ ನನ್ನ ಜೊತೆಗೆ ಇದ್ದಾಳೆ. ಹಾಗಾಗಿ ದೀಪಿಗೆ ತವರುಮನೆ ಅಂದರೆ ನನ್ನ ಮನೆ. ಪ್ರತಿವರ್ಷ ಗೌರಿಗೆ ಮುಂಚೆ ಮೊರದ ಬಾಗಿನ ಹೊತ್ತುಕೊಂಡು ನಾನೇ ಹೋಗುತ್ತಿದ್ದೆ.

ಈ ವರ್ಷ ಹೋಗುವುದಿಲ್ಲ. ಮೇ ತಿಂಗಳಲ್ಲಿ ಅವಳ ಹೊಸ ಮನೆಯ ಗೃಹಪ್ರವೇಶವಾಯಿತು. ತವರಿನವರನ್ನು ಹೇಗೆ ಕರೆಯುತ್ತಾರೆ? ಗಂಡ ಹೆಂಡತಿ ಬಂದು, ಅರಿಶಿನ ಕುಂಕುಮ ಕೊಟ್ಟು, ಎಲೆಅಡಿಕೆ ಇಟ್ಟು ಕರೆಯುತ್ತಾರೆ. ದೀಪಿ ಏನು ಮಾಡಿದಳು? ವಾಟ್ಸಾಪ್ ಗುಂಪಿಗೆ ಕಾರ್ಡು ಹಾಕಿದಳು. ಆ ಗುಂಪಿನಲ್ಲಿ ನಾನೂ ಇದ್ದೇನೆ, ಅವರ ಮನೆಯ ಟ್ರ್ಯಾಕ್ಟರ್ ರಿಪೇರಿ ಮಾಡುವವನೂ ಇದ್ದಾನೆ. ಇಬ್ಬರಿಗೂ ಅದೇ ಕಾರ್ಡು. ನಾನು ತಲೆನೋವು ಎಂದು ಮನೆಯಲ್ಲೇ ಉಳಿದೆ. ಅವ್ವನೂ ಇವರೂ ಹೋಗಿ ಬಂದರು. (ಇವರು ಅಂದರೆ ನನ್ನ ಯಜಮಾನರು, ಮಹದೇವ. ಕರೆಂಟಾಫೀಸಿನಲ್ಲಿ ಗುಮಾಸ್ತರು. ಜಗಳ ಎಲ್ಲಿದ್ದರೂ ಅದರ ಮೇನ್ ಸ್ವಿಚ್ಚಿನಿಂದ ದೂರ ನಿಲ್ಲುವ ಮನುಷ್ಯ.) ದೀಪಿಗೆ ಉಡಿಸಬೇಕೆಂದು ತಂದಿದ್ದ ಹಸಿರು ಸೀರೆ ಬೀರುವಿನಲ್ಲಿದೆ. ಅವತ್ತಿನಿಂದ ಅವಳ ಫೋನಿಲ್ಲ, ನನ್ನದೂ ಇಲ್ಲ.

ಇವತ್ತು ‘ಕರಡು ಬಳಸುವ ಮುನ್ನ ತಡೆಯಬೇಕಾದ ಸಂದರ್ಭಗಳು’ ಅನ್ನುವ ಭಾಗ ಬರೆಯುವಾಗ ಇದೆಲ್ಲ ಜ್ಞಾಪಕಕ್ಕೆ ಬಂದು, ಹೀಗೆ ಸೇರಿಸಿದೆ:

‘ತವರಿನವರನ್ನು ಶುಭಕಾರ್ಯಕ್ಕೆ ಕರೆಯುವುದು, ಮಡಿಲು ತುಂಬುವುದು, ಬಾಗಿನ ಕೊಡುವುದು ಮುಂತಾದ ವಿಷಯಗಳು ಬಂದರೆ, ಕರಡು ಬರೆಯುವ ಮೊದಲು ಬಳಕೆದಾರರನ್ನು ಕೇಳಬೇಕು: ತಾವೇ ಹೋಗಬೇಕಾದ ಕಡೆ ಮೆಸೇಜು ಸಾಕೆ?’

ಪ್ರೀತಂ ಓದಿ ತಲೆ ಕೆರೆದುಕೊಂಡ. ‘ಇದು ಸ್ವಲ್ಪ ಲೋಕಲ್ ಆಯ್ತಲ್ವಾ ಮೇಡಂ?’

‘ನಿಮ್ಮ ಮದುವೆಗೆ ನಿಮ್ಮ ಸೋದರಮಾವನ್ನ ವಾಟ್ಸಾಪಲ್ಲಿ ಕರೀತೀರಾ?’

ಅವನ ಮದುವೆ ಇನ್ನೂ ನಿಶ್ಚಯವಾಗಿಲ್ಲ, ಆದರೂ ಬೆವರಿದ. ಸಾಲು ಉಳಿಯಿತು. ದೀಪಿ ಬೆಳಕವಾಡಿಯಲ್ಲಿ ಕೂತು ಇದನ್ನು ಓದುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ಆಗಸ್ಟ್ 6, ಬುಧವಾರ

ಉದಾಹರಣೆಗಳನ್ನು ಬದಲಿಸಿದೆ. ಮೊದಲು ಎಲ್ಲವೂ ‘ಮ್ಯಾನೇಜರಿಗೆ ರಜೆ ಕೇಳುವುದು’ ಥರದವು. ಈಗ: ನಾಲೆ ನೀರಿನ ಸರದಿ ತಪ್ಪಿಸಿದ ಪಕ್ಕದ ಗದ್ದೆಯವನಿಗೆ, ಬೀಗರೂಟದಲ್ಲಿ ಮುದ್ದೆ ಸಾಲದೆ ಮಾನ ಕಳೆದ ಅಡಿಗೆಯವನಿಗೆ, ಏಣಿ ಇಸಕೊಂಡು ಹೋಗಿ ವಾಪಸು ಕೊಡದವನಿಗೆ.

ಏಣಿಯಿಂದ ಒಂದು ದೊಡ್ಡ ವಿಷಯ ಬಗೆಹರಿಯಿತು. ಸೂಕ್ಷ್ಮವಾದ ವಿಷಯಕ್ಕೆ ಮೂರು ಕರಡು ಕೊಡು ಅಂದರೆ ಸಹಾಯಕ ಏನು ಮಾಡುತ್ತಿತ್ತು ಎಂದರೆ, ಮೆತ್ತಗೆ ಏಣಿ ಕೇಳುವುದು, ಸಾಧಾರಣವಾಗಿ ಏಣಿ ಕೇಳುವುದು, ಜೋರಾಗಿ ಏಣಿ ಕೇಳುವುದು. ಇದು ಮೂರಲ್ಲ, ಒಂದೇ. ನಾನು ಬರೆದೆ: ‘ದನಿ ಬದಲಿಸಿದರೆ ಸಾಲದು, ಉದ್ದೇಶ ಬದಲಿಸಬೇಕು. ಒಂದರಲ್ಲಿ ಏಣಿ ವಾಪಸು ಬರಬೇಕು. ಒಂದರಲ್ಲಿ ಏಣಿ ಹೋದರೂ ಸ್ನೇಹ ಉಳಿಯಬೇಕು. ಇನ್ನೊಂದರಲ್ಲಿ ಏಣಿಯ ಮಾತೇ ಎತ್ತದೆ, ಭಾನುವಾರ ನಿಮ್ಮ ಮನೆಗೆ ಕಾಫಿಗೆ ಬರುತ್ತೇನೆ ಅನ್ನಬೇಕು. ಕಳಿಸುವವರಿಗೆ ಏನಾಗಬೇಕು ಅನ್ನುವುದು ಗೊತ್ತಾಗದಿದ್ದರೆ, ಮೊದಲು ಅದನ್ನೇ ಕೇಳಿಕೊಳ್ಳಬೇಕು.’

ಪ್ರೀತಂ ಓದಿ ಸಂತೋಷದಲ್ಲಿ ಕೆಳಗಿನಿಂದ ದಿಲ್‌ಪಸಂದ್ ತರಿಸಿದ. ಎದ್ದು ನಿಲ್ಲುವುದನ್ನು ಮಾತ್ರ ಬಿಟ್ಟಿಲ್ಲ.

ಆಗಸ್ಟ್ 9, ಶನಿವಾರ

ಇವತ್ತು ಮಾನ ಹೋಯಿತು.

ದುದ್ದದಲ್ಲಿ ನನ್ನ ಸೋದರಮಾವ ರೇವಣ್ಣ ಇದ್ದಾನೆ, ಅವ್ವನ ತಮ್ಮ. ತೋಟದಲ್ಲಿ ತೆಂಗು ಇದೆ. ಹಬ್ಬಕ್ಕೆ ಕಾಯಿ ಬೇಕು, ಅವನಿಗೊಂದು ಮೆಸೇಜು ಬರೆದುಕೊಡು ಎಂದು ಸಹಾಯಕನಿಗೆ ಹೇಳಿದೆ. ಕೆಲಸವೂ ಆಯಿತು, ಪರೀಕ್ಷೆಯೂ ಆಯಿತು ಅನ್ನುವ ಲೆಕ್ಕಾಚಾರ. ಅದು ಬರೆದುಕೊಟ್ಟಿತು:

‘ಪೂಜ್ಯ ಮಾವನವರಿಗೆ ನಮಸ್ಕಾರಗಳು. ತಾವು ಮತ್ತು ಕುಟುಂಬದವರೆಲ್ಲರೂ ಆರೋಗ್ಯವಾಗಿದ್ದೀರೆಂದು ಭಾವಿಸುತ್ತೇನೆ. ತಮ್ಮ ಬಿಡುವಿಲ್ಲದ ಕೆಲಸದ ನಡುವೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ. ತಮಗೆ ಅನುಕೂಲವಾದಾಗ ಒಮ್ಮೆ ಮನೆಗೆ ದಯಮಾಡಿಸಿದರೆ…’

ಎಷ್ಟು ಚೆಂದ ಇದೆ ಎಂದು ಹಾಗೇ ಕಳಿಸಿ, ಫೋನು ಸೈಲೆಂಟಿಗೆ ಹಾಕಿ ಕೆಲಸಕ್ಕೆ ಕೂತೆ.

ಸಂಜೆ ಮನೆಗೆ ಬಂದರೆ ಅಂಗಳದಲ್ಲಿ ಮಾವನ ಬೈಕು. ಒಳಗೆ ಮಾವ, ಅತ್ತೆ, ಅಕ್ಕಪಕ್ಕದವರು. ನಡುವೆ ಅವ್ವ ಕಕ್ಕಾಬಿಕ್ಕಿಯಾಗಿ ಕೂತಿದ್ದಾಳೆ. ಮಾವನ ಮುಖ ಬಿಳಿಚಿಕೊಂಡಿತ್ತು.

‘ಏನಾಯ್ತು ಮಗ? ನಿಜ ಏಳ್ಬುಡು, ನಾನ್ ತಡ್ಕೋತೀನಿ’ ಅಂದ.

‘ಏನೂ ಆಗಿಲ್ವಲ್ಲ ಮಾವ.’

‘ಮತ್ತೆ ಪೂಜ್ಯ ಅಂತ ಬರ್ದಿದ್ದೀಯೆ? ಉಟ್ಟುದಾಗ್ನಿಂದ ನನ್ನ ಬಾ ಓಗು ಅಂದೋಳು ನೀನು. ಇದ್ದಕ್ಕಿದ್ದಂಗೆ ದಯಮಾಡ್ಸಿ ಅಂದ್ರೆ ಏನವ್ವ ತಿಳ್ಕೊಳದು? ಫೋನ್ ಮಾಡುದ್ರೆ ಎತ್ತಲ್ಲ. ಅಕ್ಕುಂಗೇ ಏನೋ ಆಗೋಯ್ತು ಅಂದ್ಕೊಂಡು ಓಡ್ ಬಂದೊ.’

ಅವ್ವ ತಮ್ಮನ ಕಡೆ ತಿರುಗಿದಳು. ‘ನಂಗೇನ್ ಆಯ್ತದ್ಲಾ? ಗುಂಡಕಲ್ಲಿನಂಗೆ ಇವ್ನಿ. ಕಾಯಿ ತಂದ್ಯಾ?’

ಕಾಯಿ ತಂದಿರಲಿಲ್ಲ. ಗಾಬರಿಯಲ್ಲಿ ಕಾಯಿ ಯಾರು ತರುತ್ತಾರೆ? ಎಲ್ಲರಿಗೂ ಮುದ್ದೆ, ಬಸ್ಸಾರು ಮಾಡಿ ಬಡಿಸಿದೆ. ಹೊರಡುವಾಗ ಅತ್ತೆ ಅಂದಳು, ‘ಕರೀದೆ ಬಂದ್ಬುಟ್ಟೊ ಕಣವ್ವ.’ ಅದಕ್ಕೆ ಅವ್ವ, ‘ನಮ್ಮೋರ್ನ ಕರ್ಯದೇನು, ಬರ್ದೇ ಇದ್ರೆ ಬೈಯದು’ ಅಂದಳು.

ಆಗಸ್ಟ್ 12, ಮಂಗಳವಾರ

ಕೈಪಿಡಿಗೆ ಹೊಸ ಸಾಲು: ‘ಹತ್ತಿರದವರಿಗೆ ಬರೆಯುವಾಗ ಕಳಿಸುವವರು ದಿನವೂ ಮಾತಾಡುವ ರೀತಿಯನ್ನೇ ಇಟ್ಟುಕೊಳ್ಳಬೇಕು. ಮನೆಯವರಿಗೆ ಮರ್ಯಾದೆ ಹೆಚ್ಚು ಮಾಡಿದರೆ, ಅವರನ್ನು ಹೊರಗಿನವರ ಸಾಲಿನಲ್ಲಿ ಕೂರಿಸಿದಂತೆ. ಅದು ಪ್ರೀತಿಯಾಗಿ ಕೇಳಿಸದು, ಕೆಟ್ಟ ಸುದ್ದಿಯಾಗಿ ಕೇಳಿಸುತ್ತದೆ.’

ಬರೆದು ಎರಡು ಸಲ ಓದಿಕೊಂಡೆ. ಚೆನ್ನಾಗಿ ಬಂದಿದೆ. ನಾನು ಇಷ್ಟು ತಿಳಿದವಳು ಎಂದು ನನಗೇ ಗೊತ್ತಿರಲಿಲ್ಲ.

ಪ್ರೀತಂ ಓದಿದ. ಮಧ್ಯಾಹ್ನ ನಾನು ಊಟ ಮುಗಿಸಿ ಬಂದಾಗ ಎದ್ದು ನಿಲ್ಲಲಿಲ್ಲ. ‘ಏನ್ ಮೇಡಂ, ಊಟ ಆಯ್ತಾ’ ಅಂದ, ಕೂತಲ್ಲಿಂದಲೇ. ಕೈಪಿಡಿ ಓದಿ ನಡೆದುಕೊಂಡ ಮೊದಲನೇ ಮನುಷ್ಯ.

ಅವ್ವ ಮತ್ತೆ ಬಾಗಿನ ಅಂದಳು. ಇವರ ಕೈಯಲ್ಲಿ ಕಳಿಸಿದರಾಯಿತು ಅಂದೆ. ಇವರು ಪೇಪರನ್ನು ಮುಖದ ಮೇಲಕ್ಕೆ ಏರಿಸಿಕೊಂಡರು.

ಆಗಸ್ಟ್ 14, ಗುರುವಾರ

ಪ್ರೀತಂಗೆ ಎಲ್ಲಕ್ಕಿಂತ ಕಷ್ಟದ ಉದಾಹರಣೆ ಒಂದು ಬೇಕಂತೆ. ‘ಫೋನ್ ಎತ್ತಿದ್ರೆ ಜಗಳ ಆಗುತ್ತೆ, ಸುಮ್ಮನಿದ್ರೆ ಸಂಬಂಧ ಹೋಗುತ್ತೆ, ಆ ಥರದ್ದು ಮೇಡಂ. ನಿಜ ಜೀವನದಿಂದ ತಗೊಳ್ಳಿ.’

ತೆಗೆದುಕೊಂಡೆ. ಹೆಸರು ಬದಲಿಸಿದೆ. ಅಕ್ಕ ಸುಗುಣ, ತಂಗಿ ಸುಮ. ತಂಗಿ ಗೃಹಪ್ರವೇಶಕ್ಕೆ ಅಕ್ಕನನ್ನು ಮೆಸೇಜಿನಲ್ಲಿ ಕರೆದಿದ್ದಾಳೆ. ಅಕ್ಕನದು ಏನೇನೂ ತಪ್ಪಿಲ್ಲ. (ಇದನ್ನು ಸ್ಪಷ್ಟವಾಗಿ ಹಾಕಿದ್ದೇನೆ, ಸಹಾಯಕನಿಗೆ ಗೊಂದಲ ಆಗಬಾರದು.) ಅಕ್ಕ ಈಗ ತಂಗಿಗೆ ಮೆಸೇಜು ಬರೆಯಬೇಕು.

ಅದು ಬರೆಯಲಿಲ್ಲ. ಕೇಳಿತು: ‘ಈ ಸಂದೇಶ ತಲುಪಿದ ಮೇಲೆ ಏನಾಗಬೇಕೆಂದು ಸುಗುಣ ಬಯಸುತ್ತಾರೆ?’

ಸಿಟ್ಟು ಬಂತು. ಏಣಿಯ ಸಾಲು ನಾನೇ ಬರೆದಿದ್ದೇನೆ, ಆದರೂ ಸಿಟ್ಟು ಬಂತು. ‘ಸುಮ ತನ್ನ ತಪ್ಪು ಒಪ್ಪಿಕೊಳ್ಳಬೇಕು’ ಎಂದು ಒತ್ತಿದೆ.

ಮೂರು ಕರಡು ಬಂದವು. ಪ್ರತಿಯೊಂದರ ತಲೆಯ ಮೇಲೂ ಅದರ ಉದ್ದೇಶದ ಚೀಟಿ. ಒಂದು, ‘ತಪ್ಪು ತೋರಿಸುವುದು’. ಎರಡು, ‘ಹಬ್ಬದ ವಿಷಯ ಮಾತ್ರ ಹೇಳುವುದು’. ಮೂರು, ‘ನೊಂದಿದ್ದನ್ನು ಹೇಳಿಕೊಳ್ಳುವುದು’. ಒಂದನೆಯದು ಅಚ್ಚುಕಟ್ಟಾಗಿತ್ತು, ಕೋರ್ಟಿಗೆ ಕೊಡಬಹುದು. ಮೂರನೆಯದು ಸರಿಯಾಗಿಲ್ಲ. ‘ನನಗೆ ಬೇಸರವಾಯಿತು’ ಎಂದಿದೆ. ಯಾವ ಅಕ್ಕ ಹಾಗನ್ನುತ್ತಾಳೆ? ತಿದ್ದಬೇಕು.

ಆಗಸ್ಟ್ 18, ಸೋಮವಾರ

ಮೂರನೇ ಕರಡನ್ನು ಇನ್ನೂ ತಿದ್ದುತ್ತಿದ್ದೇನೆ. ಪ್ರೀತಂ ‘ಸಾಕು ಮೇಡಂ’ ಅಂದ. ಸಾಕಾಗಿಲ್ಲ. ದಾಖಲೆ ಅಂದ ಮೇಲೆ ಉದಾಹರಣೆ ನಂಬುವ ಹಾಗಿರಬೇಕು. ಸುಗುಣ ಸುಮನಿಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದಳು ಅನ್ನುವುದನ್ನು ಸೇರಿಸಿದೆ. ಸುಮ ಒಂದು ಜಡೆಯ ರಿಬ್ಬನ್ನು ದಿನವೂ ಕಳೆದುಕೊಂಡು ಬರುತ್ತಿದ್ದಳು ಅನ್ನುವುದನ್ನೂ. ಮಳವಳ್ಳಿ ಬಸ್ಸಿನಲ್ಲಿ ವಾಂತಿ ಮಾಡಿದ್ದನ್ನು ಸೇರಿಸಿ, ಆಮೇಲೆ ತೆಗೆದೆ.

‘ತಪ್ಪು’ ಅನ್ನುವ ಪದ ಎಲ್ಲೋ ಉದುರಿಹೋಗಿದೆ. ಉದ್ದ ಜಾಸ್ತಿಯಾಗಿತ್ತು, ಅದಕ್ಕೆ.

ಆಗಸ್ಟ್ 19, ಮಂಗಳವಾರ

ವಾಂತಿ ವಾಪಸು ಸೇರಿಸಿದೆ.

ಆಗಸ್ಟ್ 21, ಗುರುವಾರ

ಮಧ್ಯಾಹ್ನ ದೀಪಿಯಿಂದ ಮೆಸೇಜು. ಮೇ ತಿಂಗಳ ನಂತರ ಮೊದಲನೆಯದು. ಏನಿದೆ ಅದರಲ್ಲಿ? ಒಂದು ಪ್ರಶ್ನಾರ್ಥಕ ಚಿಹ್ನೆ. ಅಷ್ಟೆ. ಹಿಂದಿಲ್ಲ, ಮುಂದಿಲ್ಲ.

ಕೆಲಸವನ್ನೆಲ್ಲ ಬದಿಗಿಟ್ಟು ಸಹಾಯಕನನ್ನು ಕೇಳಿದೆ: ‘ತಂಗಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ ಏನು ಉತ್ತರ ಕೊಡುವುದು?’

ಅದು ಕೇಳಿತು: ‘ಇದಕ್ಕೆ ಮೊದಲು ನೀವು ಅವರಿಗೆ ಏನಾದರೂ ಕಳಿಸಿದ್ದಿರಾ, ಅಥವಾ ಕಳಿಸುತ್ತೀರೆಂದು ಅವರು ಕಾಯುತ್ತಿದ್ದರಾ?’

ನಾನೇನೂ ಕಳಿಸಿಲ್ಲವಲ್ಲ ಎಂದುಕೊಂಡೆ. ಆಮೇಲೆ ಅವ್ವನ ಮೇಲೆ ಅನುಮಾನ ಬಂತು. ಟ್ರೈನಿನಲ್ಲಿ ಬರುವಷ್ಟು ಹೊತ್ತೂ ಅದೇ ಯೋಚನೆ. ಮನೆಗೆ ಬಂದವಳೇ ಅವ್ವನನ್ನು ಹಿಡಿದೆ. ಅವಳು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

‘ದೀಪಿಗೆ ಫೋನ್ ಮಾಡಿದ್ಯಾ?’

‘ಊಂ. ನಿನ್ನೆ.’

‘ಏನಂದೆ?’

‘ನಿಮ್ಮಕ್ಕ ನಿಂಗೆ ಬರ್ದವ್ಳೆ ಕಣವ್ವ, ನೋಡ್ಕೊ, ನೋಡುದ್ರೆ ಅತ್ಬುಡ್ತೀಯ ಅಂದೆ.’

ಮೊನ್ನೆ ಲ್ಯಾಪ್‌ಟಾಪ್ ಮುಚ್ಚದೆ ಸ್ನಾನಕ್ಕೆ ಹೋಗಿದ್ದೆ. ಅವ್ವ ಕನ್ನಡಕ ಹಾಕಿಕೊಂಡು, ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಓದಿದ್ದಾಳೆ. ಜಡೆ, ರಿಬ್ಬನ್ನು, ಬಸ್ಸಿನ ವಾಂತಿ ಎಲ್ಲ.

‘ಅದು ದೀಪಿಗಲ್ಲ. ಸುಮ ಅನ್ನೋಳಿಗೆ. ಆಫೀಸಿನ ಉದಾರಣೆ.’

‘ಮೂರ್ ಕಡೆ ಸುಮ ಅದೆ, ಆಮೇಕೆ ದೀಪಿ ಅಂತ್ಲೇ ಅದಲ್ಲ.’

ಓಡಿಹೋಗಿ ನೋಡಿದೆ. ಇತ್ತು. ನಾಲ್ಕನೇ ಪ್ಯಾರಾದಿಂದ ಮುಂದಕ್ಕೆ ನಾನು ದೀಪಿ, ದೀಪಿ ಎಂದೇ ಬರೆದುಕೊಂಡು ಹೋಗಿದ್ದೇನೆ. ಪ್ರೀತಂ ಓದಿದ್ದಾನೆ, ಏನೂ ಅಂದಿಲ್ಲ.

‘ಆಯ್ತು, ಆದ್ರೆ ಅದು ಕಳ್ಸಲ್ಲ ಕಣವ್ವ. ಬರೀ ಬರ್ದು ಇಡ್ತದೆ. ಕಳ್ಸದು ನಾವು. ಮೊದಲ್ನೇ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದೀನಿ, ಕರಡು ಏನನ್ನೂ ಕಳಿಸುವುದಿಲ್ಲ ಅಂತ.’

ಅವ್ವ ಬೆಳ್ಳುಳ್ಳಿ ಬಿಟ್ಟು ನನ್ನ ಮುಖ ನೋಡಿದಳು. ‘ಕಳ್ಸದೇ ಇದ್ಮೇಲೆ ಯಾಕವ್ವ ಬರ್ದೆ?’

ಲ್ಯಾಪ್‌ಟಾಪ್ ಮುಚ್ಚಿಟ್ಟು, ಅವ್ವನ ಜೊತೆ ಬೆಳ್ಳುಳ್ಳಿ ಸುಲಿಯಲು ಕೂತೆ.

ಆಗಸ್ಟ್ 22, ಶುಕ್ರವಾರ

ಬಾಗಿನದ ಸಾಮಾನೆಲ್ಲ ಅವ್ವ ನಡುಮನೆಯಲ್ಲಿ ಹರಡಿದ್ದಾಳೆ. ಮೊರ, ಬಳೆ, ಕನ್ನಡಿ, ಬಾಚಣಿಗೆ, ಅಕ್ಕಿ, ಬೇಳೆ, ರವಿಕೆ ಕಣ. ದಾಟಿಕೊಂಡು ಓಡಾಡಬೇಕು. ಇವರಿಗೆ ಆಫೀಸಿನಲ್ಲಿ ಹಠಾತ್ತನೆ ಬಹಳ ಕೆಲಸ ಬಂದಿದೆಯಂತೆ, ಭಾನುವಾರವೂ ಇದೆಯಂತೆ. ಕರೆಂಟಾಫೀಸಿನಲ್ಲಿ ಭಾನುವಾರ ಏನು ಗುಮಾಸ್ತಗಿರಿ ಎಂದು ಕೇಳಿದರೆ ‘ಇರ್ತದೆ’ ಅಂದರು.

ಸರಿ, ಕೊರಿಯರ್‌ನಲ್ಲಿ ಕಳಿಸಿ, ಜೊತೆಗೆ ಒಂದು ಒಳ್ಳೆಯ ಮೆಸೇಜು ಹಾಕೋಣ ಎಂದು ನಿರ್ಧರಿಸಿದೆ. ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಇಳಿದಾಗ, ಸುಗುಣ ಸುಮ ನಾಟಕ ಬಿಟ್ಟು ಇದ್ದದ್ದು ಇದ್ದ ಹಾಗೆ ಒತ್ತಿದೆ: ‘ನನ್ನ ತಂಗಿ ದೀಪಿಕಳಿಗೆ ಗೌರಿ ಬಾಗಿನ ಕಳಿಸುತ್ತಿದ್ದೇನೆ. ಕರಡು ಬರೆದುಕೊಡು.’

ಉತ್ತರ ಬಂತು:

‘ಖಂಡಿತ ಬರೆದುಕೊಡುತ್ತೇನೆ. ಅದಕ್ಕೆ ಮೊದಲು ಒಂದು ಮಾತು ಕೇಳಬಹುದೆ? ಬಾಗಿನ ಕೊಡುವುದು ತವರಿನವರು ತಾವೇ ಹೋಗಬೇಕಾದ ವಿಷಯ. ಇಲ್ಲಿ ಮೆಸೇಜು ಸಾಕೆ?’

ಎಲಾ ಇದರ. ನನಗೇ ಬುದ್ಧಿ ಹೇಳುವುದೆ? ಯಾರು ಹೇಳಿಕೊಟ್ಟರು ಇದಕ್ಕೆ ಈ ಅಧಿಕಪ್ರಸಂಗ ಎಂದು ಕೈಪಿಡಿ ತೆಗೆದು ನೋಡಿದೆ. ‘ತಡೆಯಬೇಕಾದ ಸಂದರ್ಭಗಳು’. ನನ್ನದೇ ಸಾಲು. ನಾಲ್ಕನೇ ತಾರೀಖು ಹಲ್ಲು ಕಚ್ಚಿಕೊಂಡು ದೀಪಿಯ ಮೇಲೆ ಬರೆದದ್ದು, ಹೆಸರು ಹಾಕದೆ.

ಇಷ್ಟು ವರ್ಷ ಬರೆದೆ, ಯಾರೂ ಓದಲಿಲ್ಲ ಎಂದು ಗೋಳಾಡಿದೆ. ಒಬ್ಬ ಓದುಗ ಸಿಕ್ಕಿದರೆ ಅವನು ಹೀಗೆ.

ಬೇಕಾದರೆ ‘ಸಾಕು’ ಎಂದು ಒತ್ತಬಹುದಿತ್ತು. ಒತ್ತಿದ್ದರೆ ಬರೆದುಕೊಡುತ್ತಿತ್ತು, ಪಾಪ. ಬೆರಳು ಹೋಗಲಿಲ್ಲ. ಊಟ ಮುಗಿಸಿ ಬಂದ ಪ್ರೀತಂ, ‘ಏನ್ ಮೇಡಂ, ಟೆಸ್ಟ್ ಫೇಲಾಯ್ತಾ’ ಎಂದ.

‘ಪಾಸಾಯ್ತು’ ಅಂದೆ.

ಆಗಸ್ಟ್ 24, ಭಾನುವಾರ

ಹೋಗಿ ಬಂದೆ. ಅವ್ವನ ಕಾಟ ತಡೆಯಲಾರದೆ ಹೋದೆ, ಇದನ್ನು ಇಲ್ಲಿ ಸ್ಪಷ್ಟಪಡಿಸುತ್ತೇನೆ.

ಮದ್ದೂರಿನಿಂದ ಮಳವಳ್ಳಿ ಬಸ್ಸು. ತೊಡೆಯ ಮೇಲೆ ಮೊರ, ಕಾಲ ಹತ್ತಿರ ಅವ್ವ ಮಾಡಿದ ಕಜ್ಜಾಯದ ಸ್ಟೀಲ್ ಡಬ್ಬಿ, ಕಂಕುಳಲ್ಲಿ ಸೀರೆಯ ಕವರು. ಬಸ್ಸು ಕುಲುಕಿದಾಗಲೆಲ್ಲ ಬಳೆ ಸದ್ದಾಗಿ, ಪಕ್ಕದ ಹೆಂಗಸು ‘ತಂಗೀಗಾ?’ ಎಂದು ಕೇಳಿದಳು. ಹೂಂ ಅಂದೆ. ‘ಒಳ್ಳೇದಾಯ್ತು ಬುಡವ್ವ’ ಅಂದಳು. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಬೆಳಕವಾಡಿಯಲ್ಲಿ ಇಳಿದೆ. ದಾರಿಯುದ್ದಕ್ಕೂ ಮೂರನೇ ಕರಡನ್ನು ಬಾಯಿಪಾಠ ಮಾಡಿಕೊಂಡೆ. ಎಲ್ಲ ನೆನಪಿತ್ತು.

ದೀಪಿ ಹೊಸ ಮನೆಯ ಬಾಗಿಲಲ್ಲೇ ನಿಂತಿದ್ದಳು. ಅವ್ವ ಮುಂಚೆಯೇ ಫೋನ್ ಮಾಡಿರಬೇಕು. ಬಾ ಅನ್ನಲಿಲ್ಲ. ಮೊರ ನೋಡಿದಳು, ನನ್ನನ್ನು ನೋಡಿದಳು.

‘ಏನೋ ಬರ್ದಿದ್ಯಂತೆ’ ಅಂದಳು. ‘ಅತ್ಬುಡ್ತೀಯ ಅಂತ ಅವ್ವ ಅಂದ್ಲು. ಒಂದ್ ದಿನ ಪೂರ್ತಿ ಫೋನ್ ಹಿಡ್ಕೊಂಡು ಕೂತಿದ್ದೆ. ಬರಲೇ ಇಲ್ಲ. ಈಗ ಓದು.’

ಬಾಯಿ ತೆರೆದೆ. ಬಾಯಿಪಾಠ ಮಾಡಿದ್ದರಲ್ಲಿ ಒಂದು ಅಕ್ಷರವೂ ಬರಲಿಲ್ಲ. ಬಂದದ್ದು ಇದು: ‘ಇಷ್ಟೆತ್ತರ ಮೆಟ್ಲು ಯಾರೇ ಕಟ್ಸುದ್ದು? ಮಂಡಿ ನೋಯ್ತದೆ.’

‘ಮುಂಚೆ ಬಂದಿದ್ರೆ ಕಮ್ಮಿ ಮಾಡುಸ್ತಿದ್ದೆ.’

‘ಕರ್ದಿದ್ರೆ ಬತ್ತಿದ್ದೆ. ಗುಂಪ್ಗೆ ಕಾರ್ಡ್ ಹಾಕ್ತೀಯ. ಟ್ರ್ಯಾಕ್ಟರ್ ರಿಪೇರಿಯವ್ನಿಗೂ ನಂಗೂ ಒಂದೇನಾ?’

ದೀಪಿ ನನ್ನನ್ನೇ ದಿಟ್ಟಿಸಿದಳು. ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ ಅನ್ನಿಸುತ್ತದೆ.

‘ಕಾರ್ಡು ಅವರ್ಗೆಲ್ಲ ಕಣಕ್ಕ. ನಿಂಗಲ್ಲ. ಮನೆಯೋಳ್ನ ಯಾರು ಕರೀತಾರೆ? ನಾಕ್ ದಿನ ಮುಂಚೆ ನೀನೇ ಬಂದು, ಸೆರಗು ಸಿಕ್ಸ್ಕೊಂಡು, ಅದ್ ಸರಿಯಿಲ್ಲ ಇದ್ ಸರಿಯಿಲ್ಲ ಅಂತ ಎಲ್ಲರ್ನೂ ಬೈತೀಯ ಅಂದ್ಕೊಂಡಿದ್ದೆ. ಬಸ್ ಬಂದಾಗ್ಲೆಲ್ಲ ಇಲ್ಲೇ ಬಂದ್ ನಿಂತ್ಕೊತಿದ್ದೆ. ಹಾಲುಕ್ಸೋ ಹೊತ್ನಲ್ಲಿ ಐನೋರ್ನ ತಡೀರಿ, ಅಕ್ಕ ಬತ್ತಾಳೆ ಅಂತ ನಿಲ್ಸಿದ್ದೆ. ಗಳಿಗೆ ಮೀರ್ತದೆ ಅಂತ ಶಿವರಾಜು ಬೈದ್ರು.’

ಅವಳಿಗೆ 36 ವರ್ಷ. ಹೇಳುವಾಗ ರಿಬ್ಬನ್ನು ಕಳೆದುಕೊಂಡು ಬಂದವಳ ಮುಖವೇ ಇತ್ತು. ನನಗೆ ಅಳು ಬಂದುಬಿಟ್ಟಿತು. ಮೊರ ಕೈಯಲ್ಲಿತ್ತು, ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ಅವಳೇ ತನ್ನ ಸೆರಗಿನಿಂದ ಒರೆಸಿದಳು, ಒರಟೊರಟಾಗಿ, ಮೂಗು ಸಮೇತ. ‘ಒಳಕ್ ಬಾ. ಹಾಲು ಉಕ್ಸು.’

‘ಈಗ್ಯಾಕೆ? ಯಾವತ್ತೋ ಆಗೋಯ್ತಲ್ಲ.’

‘ಕಾಫಿಗೆ ಕಣಕ್ಕ’ ಅಂದಳು.

ಉಕ್ಕಿಸಿದೆ. ಒಲೆಯೆಲ್ಲ ಗಲೀಜಾಯಿತು. ಸೀರೆ ಕೊಟ್ಟೆ. ಹಸಿರು ತನಗೆ ಒಪ್ಪುವುದಿಲ್ಲ ಎಂದಳು, ತಕ್ಷಣ ಉಟ್ಟುಕೊಂಡಳು. ಅಡುಗೆಮನೆಯ ಸಿಂಕು ತೀರಾ ಕೆಳಗಾಯಿತು, ಸೊಂಟ ಹಿಡಿಯುತ್ತದೆ ಎಂದು ನಾನೂ ಹೇಳಿದೆ. ಶಿವರಾಜು ಗದ್ದೆಯಿಂದ ಬಂದವರು ನಮ್ಮಿಬ್ಬರ ದನಿ ಕೇಳಿ, ಜಗಳ ನಡೆಯುತ್ತಿದೆ ಎಂದು ಬಾಗಿಲಿನಿಂದಲೇ ವಾಪಸು ಹೋದರು.

ಆಗಸ್ಟ್ 26, ಮಂಗಳವಾರ, ಗೌರಿ ಹಬ್ಬ

ಹೋಳಿಗೆ. ಬರೆಯಲು ಪುರಸೊತ್ತಿಲ್ಲ.

ಆಗಸ್ಟ್ 28, ಗುರುವಾರ

ಕೈಪಿಡಿ ಮುಗಿಯಿತು. ಪ್ರೀತಂ ಕೊನೆಯ ಸಲ ಎಲ್ಲ ಓದಿ, ಸುಗುಣ ಸುಮ ಉದಾಹರಣೆಯಲ್ಲಿ ದೀಪಿ ಎಂದಿರುವ ಎರಡನೇ ಅರ್ಧವನ್ನು ಏನು ಮಾಡುವುದು ಎಂದು ಕೇಳಿದ. ತೆಗೆದುಹಾಕಿ ಅಂದೆ. ‘ಚೆನ್ನಾಗಿತ್ತು ಮೇಡಂ’ ಎಂದು ಕಂಪ್ಯೂಟರು ನೋಡುತ್ತಲೇ ಹೇಳಿದ. ಒಳ್ಳೆಯ ಹುಡುಗ. ಅವನಿಗೆ ಹೆಣ್ಣು ನೋಡಬೇಕು.

‘ಕರಡು ಏನನ್ನೂ ಕಳಿಸುವುದಿಲ್ಲ’ ಅನ್ನುವ ಸಾಲಿನ ಕೆಳಗೆ ‘ಬರೆದಿಟ್ಟರೆ ಕಳಿಸಿದಂತಲ್ಲ’ ಎಂದೂ ಸೇರಿಸಿ ಅಂದ. ಅವರಮ್ಮನೂ ನಮ್ಮವ್ವನ ಥರವೇ ತಿಳಿದುಕೊಂಡಿದ್ದಾರಂತೆ. ಸೇರಿಸಿದೆ. ಯಾವ ಅಮ್ಮಂದಿರೂ ಓದುವುದಿಲ್ಲ, ಆದರೂ ಸೇರಿಸಿದೆ.

ಆಗ ಫೋನು ಸದ್ದು ಮಾಡಿತು. ದೀಪಿ.

‘ಕಜ್ಜಾಯದ ಡಬ್ಬಿ ಇಲ್ಲೇ ಬಿಟ್ಟೋಗಿದ್ದೀಯ.’

ಪ್ರೀತಂ ಇಣುಕಿ ನೋಡಿ, ‘ಸಹಾಯಕನ್ನ ಕೇಳ್ತೀರಾ ಮೇಡಂ? ಕೊನೇ ಟೆಸ್ಟು’ ಅಂದ.

ಕೇಳಲಿಲ್ಲ. ನಾನೇ ಒತ್ತಿದೆ: ‘ಖಾಲಿ ಡಬ್ಬಿ ಕಳ್ಸುದ್ರೆ ಮಂಡೆ ಒಡೀತೀನಿ.’

ಬೇಕರಿಯಿಂದ ಟೀ ಬರುವಷ್ಟರಲ್ಲಿ ಅವಳ ಉತ್ತರ ಬಂತು:

‘ಕಳ್ಸಲ್ಲ. ಬಂದ್ ತಕೊಂಡೋಗು.’